ಆದಾಯ ತಾರದ ಜೀವದ ಆರೈಕೆ

ಸಾಕಿದವರ ಮನಸ್ಸು ಎಂಥದೆಂಬುದನ್ನು ಅವರ ಮಾತಿಗಿಂತ ಅವರು ಸಾಕಿದ ಪ್ರಾಣಿಯ ಮೈ ಸ್ಪಷ್ಟವಾಗಿ ಹೇಳುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದು ಹಳ್ಳಿಕಾರ್ ಎತ್ತುಗಳ ನಾಡು. ಸಂಕ್ರಾಂತಿಯ ವೇಳೆಗೆ ಚನ್ನಪಟ್ಟಣದ ಹಾದಿಯ ಕೆಂಗಲ್ಲಿನ ಅಯ್ಯನಗುಡಿಯಲ್ಲಿ, ಬೇಸಿಗೆಯಲ್ಲಿ ಮಾಗಡಿಯ ರಂಗನಾಥಸ್ವಾಮಿಯ ಸನ್ನಿಧಿಯಲ್ಲಿ, ಶಿವರಾತ್ರಿಯ ದಿನಗಳಲ್ಲಿ ನೆರೆಯ ತುಮಕೂರಿನ ಸಿದ್ಧಗಂಗೆಯಲ್ಲಿ ನಡೆಯುವ ದನಗಳ ಜಾತ್ರೆಗಳನ್ನು ಕಂಡವರು ಬಲ್ಲರು. ಜಾತ್ರೆಗೆ ಹೊರಡುವ ಎಷ್ಟೋ ದಿನಗಳ ಮೊದಲಿನಿಂದಲೇ ಎತ್ತಿನ ಮೈ ತೊಳೆದು, ಒಣಹುಲ್ಲಿನ ಸಿಂಬಿಯಿಂದ ಉಜ್ಜಿ, ಕೊಂಬು ಹೆರೆದು ಎಣ್ಣೆ ಸವರಿ, ಬೆಳೆದ ಗೊರಸನ್ನು ಒಪ್ಪಮಾಡುವ ಕೆಲಸ ನಡೆದಿರುತ್ತದೆ. ಈ ತಳಿಯ ಚಿತ್ರವನ್ನು 2000ನೆಯ ಇಸವಿಯಲ್ಲಿ ಭಾರತೀಯ ಅಂಚೆ ಇಲಾಖೆಯು ಅಂಚೆಚೀಟಿಯ ಮೇಲೆ ಅಚ್ಚುಹಾಕಿಸಿತು. ಆ ಚಿತ್ರದ ಹಿಂದೆ ತಲೆತಲಾಂತರದಿಂದ ಬಂದ ಒಕ್ಕಲುಮಕ್ಕಳ ಕೈಚಳಕವಿದೆ. ಮಠದಲ್ಲಿ ಓದುತ್ತಿದ್ದ ಬಾಲ್ಯದಲ್ಲಿ ನಮಗೂ ಕೊಟ್ಟಿಗೆಯ ಪಾಳಿ ಬರುತ್ತಿತ್ತು. ಬೆಳಗಿನ ಪಾಠಕ್ಕೆ ಮುನ್ನ ದನದ ಮೈ ಉಜ್ಜಿ ಬಂದ ಕೈಯಿಂದಲೇ ಅಮರಕೋಶದ ಪುಟ ತಿರುವುತ್ತಿದ್ದೆವು.

ಎತ್ತಿನಷ್ಟೇ ಶ್ರದ್ಧೆಯನ್ನು ಈ ಸೀಮೆಯು ಇನ್ನೊಂದು ಜೀವಿಗೆ ಸಲ್ಲಿಸಿದೆ, ಅದು ರೇಷ್ಮೆಹುಳು. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದಲ್ಲಿದೆ. ಹುಳು ಸಾಕುವ ಮನೆಗೆ ಹೋಗಿ ನೋಡಿದರೆ ಆ ಮನೆಯವರು ತಮಗಿಂತ ಹುಳುವನ್ನೇ ಹೆಚ್ಚು ಶುಚಿಯಾಗಿ ಇಟ್ಟಿರುವುದು ಕಾಣುತ್ತದೆ. ನಾಲ್ಕು ಜ್ವರಗಳನ್ನು ದಾಟಿ ಹುಳು ಹಣ್ಣಾಗುವವರೆಗೆ, ಸುಮಾರು 25 ದಿನಗಳ ಕಾಲ, ಹಿಕ್ಕೆಯನ್ನೂ ತಿಂದುಳಿದ ಸೊಪ್ಪನ್ನೂ ತೆಗೆದು ಹಾಸಿಗೆಯನ್ನು ಶುಚಿಮಾಡುವ ಕೆಲಸವನ್ನು ಯಾರೂ ನಾಳೆಗೆ ಮುಂದೂಡುವುದಿಲ್ಲ. ಮುಂದೂಡಿದರೆ ಬೆಳೆಯೇ ಕೈಬಿಡುತ್ತದೆ. ಸಾವಿರಾರು ವರ್ಷ ಮನುಷ್ಯನ ಆಶ್ರಯದಲ್ಲಿದ್ದ ಫಲವಾಗಿ ಈ ಹುಳುವಿನ ಪತಂಗವು ಹಾರುವ ಶಕ್ತಿಯನ್ನೇ ಕಳೆದುಕೊಂಡಿದೆ. ನಮ್ಮ ಕೈಯಿಲ್ಲದೆ ಅದಕ್ಕೆ ಬಾಳಿಲ್ಲ.

ಎತ್ತಿನ ಮೈಯುಜ್ಜುವ ಕೈಗೆ ಜಾತ್ರೆಯಲ್ಲಿ ಬೆಲೆ ದೊರೆಯುತ್ತದೆ, ಹುಳುವಿನ ಹಾಸಿಗೆ ತೆಗೆದ ಕೈಗೆ ಗೂಡಿನ ಹಣ ಬರುತ್ತದೆ. ಹಾಲನ್ನೂ ಕೊಡದ, ನೇಗಿಲನ್ನೂ ಎಳೆಯದ, ನೂಲನ್ನೂ ನೀಡದ ಒಂದು ಪ್ರಾಣಿ ಮನೆಗೆ ಬಂದರೆ ಅದರ ಮೈಯನ್ನು ನೋಡಿಕೊಳ್ಳುವವರು ಯಾರು? ಇಂಥದೊಂದು ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದ್ದು ಉದ್ದ ಕೂದಲಿನ ಒಂದು ಗಿನಿಯಿಲಿ.

ಗಿನಿಪಿಗ್ ಎಂದು ಎಲ್ಲರೂ ಕರೆಯುವ ಈ ಪ್ರಾಣಿಗೆ ಆಫ್ರಿಕದ ಗಿನಿ ದೇಶದ ಸಂಬಂಧವೂ ಇಲ್ಲ, ಹಂದಿಯ ಸಂಬಂಧವೂ ಇಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಜನರು ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಪಳಗಿಸಿದರು. 16ನೆಯ ಶತಮಾನದಲ್ಲಿ ಹಡಗುಗಳ ಮೂಲಕ ಇದು ಯುರೋಪನ್ನು ಸೇರಿತು. ಪ್ರಯೋಗಶಾಲೆಗಳಲ್ಲಿ ಇದು ಪಟ್ಟ ಪಾಡಿನಿಂದ ಮನುಷ್ಯಕುಲಕ್ಕೆ ಉಪಕಾರವಾಗಿದೆ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿದ್ವಾಂಸರು ಸ್ಕರ್ವಿ ರೋಗವು ಆಹಾರದ ಕೊರತೆಯಿಂದ ಬರುವುದೆಂದು ತೋರಿಸಿಕೊಟ್ಟದ್ದು ಈ ಪ್ರಾಣಿಯ ಮೂಲಕವೇ. ನಮ್ಮಂತೆಯೇ ಇದರ ದೇಹವೂ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲಾರದು. ಇದರ ಮೂಲವಂಶದ ಕಾಡು ಪ್ರಾಣಿಗಳಿಗೆ ಇರುವುದು ಗಿಡ್ಡ ಕೂದಲು. ಮನುಷ್ಯನು ತನ್ನ ಕಣ್ಣಿನ ಸಂತೋಷಕ್ಕಾಗಿ ಆರಿಸಿ ಆರಿಸಿ ಬೆಳೆಸಿದ್ದರಿಂದ ಪೆರುವಿಯನ್, ಶೆಲ್ಟಿ, ಕಾರೊನೆಟ್, ಟೆಕ್ಸೆಲ್ ಮುಂತಾದ ಉದ್ದಗೂದಲ ತಳಿಗಳು ಹುಟ್ಟಿಕೊಂಡವು. ಪೆರುವಿಯನ್ನಿನ ಕೂದಲು ಮುಖದ ಮೇಲೆ ಇಳಿಬೀಳುತ್ತದೆ, ಶೆಲ್ಟಿಯ ಕೂದಲು ಹಿಂದಕ್ಕೆ ಹರಿಯುತ್ತದೆ, ಟೆಕ್ಸೆಲ್ಲಿನದು ಗುಂಗುರು. ತಿಂಗಳಿಗೆ ಸುಮಾರು ಒಂದು ಅಂಗುಲದಂತೆ ಬೆಳೆಯುತ್ತಲೇ ಹೋಗುವ ಈ ಕೂದಲನ್ನು ಪರದೇಶದ ಪ್ರದರ್ಶನಗಳಿಗಾಗಿ ಕಾಗದದ ಪಟ್ಟಿಗಳಲ್ಲಿ ಸುತ್ತಿ ಕಾಪಾಡುವವರೂ ಇದ್ದಾರೆ.

ನಮ್ಮ ತಮ್ಮನ ಮನೆಗೆ ಎರಡು ಗಿನಿಯಿಲಿಗಳು ಬಂದದ್ದು ಒಂದು ಬೇಸಿಗೆಯಲ್ಲಿ. ಬೆಂಗಳೂರಿನ ಬಂಧುಗಳೊಬ್ಬರು ಮಕ್ಕಳ ಹಟಕ್ಕೆ ಅಂಗಡಿಯಿಂದ ಕೊಂಡಿದ್ದರು. ವರ್ಷ ಕಳೆಯುವುದರೊಳಗೆ ಮಕ್ಕಳ ಮನಸ್ಸು ಬೇರೆಡೆಗೆ ತಿರುಗಿತು. ಮನೆ ಬದಲಾಯಿಸುವ ಸಂದರ್ಭದಲ್ಲಿ ಪಂಜರ ಸಮೇತ ರಾಮನಗರಕ್ಕೆ ತಂದುಬಿಟ್ಟರು. ‘ಹುಲ್ಲು ಹಾಕಿದರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ’ ಎಂದು ಅಂಗಡಿಯವರು ಹೇಳಿದ್ದರಂತೆ. ಎರಡೂ ಹೆಣ್ಣು. ಗಿಡ್ಡಗೂದಲಿನ ಕಂದುಬಣ್ಣದ್ದು ತನ್ನ ಮೈಯನ್ನು ತಾನೇ ನೆಕ್ಕಿ ಕೆರೆದು ಶುಚಿಯಾಗಿತ್ತು. ಉದ್ದಗೂದಲಿನ ಬಿಳಿಯದು, ಬೆಳ್ಳಿ ಎಂಬ ಹೆಸರಿನದು, ಮೇಲುನೋಟಕ್ಕೆ ರೇಷ್ಮೆಯ ಕುಚ್ಚಿನಂತೆ ಸೊಗಸಾಗಿತ್ತು. ತಮ್ಮನ ಮೊಮ್ಮಗಳು, ಆಗ ಹತ್ತು ವರ್ಷದವಳು, ಮೊದಲು ಮರುಳಾದದ್ದು ಈ ಕೂದಲಿಗೇ. ಅವಳೇ ಎರಡು ದಿನಗಳ ಮೇಲೆ ನಮ್ಮ ಬಳಿಗೆ ಬಂದು, ‘ತಾತ, ಬೆಳ್ಳಿ ಒಂದು ಕಡೆಗೆ ಕೂತುಬಿಟ್ಟಿದೆ, ಮುಟ್ಟಿದರೆ ಕಿರಚುತ್ತದೆ’ ಎಂದಳು.

ಎತ್ತಿ ನೋಡಿದಾಗ ಸೊಗಸಿನ ಕೆಳಗೆ ಮುಚ್ಚಿಹೋಗಿದ್ದ ಸಂಕಟ ಕಾಣಿಸಿತು. ಹೊಟ್ಟೆಯ ಕೆಳಗೂ ಹಿಂಗಾಲುಗಳ ನಡುವೆಯೂ ಕೂದಲು ಮೂತ್ರದಲ್ಲಿ ನೆನೆದು, ಹಿಕ್ಕೆಯೂ ಹುಲ್ಲಿನ ಚೂರುಗಳೂ ಸೇರಿ, ಕಂಬಳಿಯಂತೆ ಗಂಟುಕಟ್ಟಿ ಚರ್ಮವನ್ನು ಬಿಗಿಯುತ್ತಿತ್ತು. ಗಂಟಿನಡಿಯ ಚರ್ಮ ಕೆಂಪೇರಿ ಒಂದೆಡೆ ಹುಣ್ಣಾಗಿತ್ತು. ನೊಣಗಳು ಅಲ್ಲಿಗೇ ಎರಗುತ್ತಿದ್ದವು. ಪಶುವೈದ್ಯರು ಆ ಜಾಗದ ಕೂದಲನ್ನು ತಾವೇ ಕತ್ತರಿಸಿ ತೆಗೆದು ಔಷಧ ಹಚ್ಚಿದರು. ಇನ್ನೆರಡು ದಿನ ತಡವಾಗಿದ್ದರೆ ನೊಣದ ಮೊಟ್ಟೆ ಒಡೆದು ಹುಳುಬಿದ್ದು ಪ್ರಾಣಿ ಉಳಿಯುತ್ತಿರಲಿಲ್ಲ ಎಂದರು. ಪೆನಿಸಿಲಿನ್ ಜಾತಿಯ ಔಷಧಗಳು ಗಿನಿಯಿಲಿಗೆ ವಿಷಸಮಾನವಾದ್ದರಿಂದ ಮನೆಯಲ್ಲಿರುವ ಮಾತ್ರೆಯನ್ನು ಅರೆದು ಕುಡಿಸುವ ಸಾಹಸ ಮಾಡಬಾರದೆಂದೂ ಎಚ್ಚರಿಸಿದರು. ಈ ಪ್ರಾಣಿಗೆ ಹಿತವಾದ ಉಷ್ಣತೆ 18ರಿಂದ 24 ಡಿಗ್ರಿ; 30 ದಾಟಿದರೆ ಅಪಾಯ. ಬಂಡೆಗಳಿಂದ ಸುತ್ತುವರಿದ ರಾಮನಗರದ ಏಪ್ರಿಲ್ ತಿಂಗಳ ಬಿಸಿಲು ಬಲ್ಲವರಿಗೆ, ಆ ಕೂದಲಿನ ಹೊದಿಕೆಯೊಳಗೆ ಅದು ಬೇಯುತ್ತಿದ್ದ ಬಗೆಯನ್ನು ಊಹಿಸುವುದು ಕಷ್ಟವಲ್ಲ.

ಉಳಿದ ಗಂಟುಗಳನ್ನು ಮನೆಯಲ್ಲಿಯೇ ದಿನಕ್ಕಿಷ್ಟರಂತೆ ಬಿಡಿಸಬೇಕಾಗಿತ್ತು. ಆಗ ಒದಗಿದವರು ಮಾಗಡಿಯ ಕಡೆಯ ಹಳ್ಳಿಯಲ್ಲಿರುವ ನಮ್ಮ ಸೋದರಮಾವನ ಮಗ. ಬಾಳೆಲ್ಲ ಹಳ್ಳಿಕಾರ್ ಹೋರಿ ಕಟ್ಟಿದವರು. ಗಿನಿಯಿಲಿಯನ್ನು ಕಂಡದ್ದು ಅದೇ ಮೊದಲು. ಹುಡುಗಿ ಕತ್ತರಿ ಹಿಡಿದು ನಿಂತದ್ದನ್ನು ನೋಡಿ ನಕ್ಕು, ‘ಕತ್ತರಿ ಆಮೇಲೆ ಮಗಾ. ಮೊದ್ಲು ಅದು ನಿನ್ನ ಕೈ ನಂಬಬೇಕು. ಹೋರಿಯಾದ್ರೂ ಅಷ್ಟೇಯ, ಕೈ ನಂಬದೆ ಕೊಂಬು ಕೊಡಾಕಿಲ್ಲ’ ಎಂದರು. ಆ ದಿನ ಕತ್ತರಿ ಮುಟ್ಟಲೇ ಇಲ್ಲ. ಮಡಿಲಲ್ಲಿ ದಪ್ಪ ಟವೆಲು ಹಾಸಿ, ಒಂದು ಕೈಯನ್ನು ಎದೆಯ ಕೆಳಗೂ ಇನ್ನೊಂದನ್ನು ಹಿಂಭಾಗಕ್ಕೂ ಆನಿಸಿ ಬೆಳ್ಳಿಯನ್ನು ಕೂರಿಸಿಕೊಂಡು, ಕೊತ್ತಂಬರಿ ಸೊಪ್ಪು ತಿನ್ನಿಸುತ್ತ ಬೆನ್ನ ಮೇಲೆ ಕೈಯಾಡಿಸಿದರು. ಹೊರಡುವ ಮುನ್ನ ಕೈಯ ನಡೆಯನ್ನೆಲ್ಲ ಹುಡುಗಿಗೆ ಹೇಳಿಕೊಟ್ಟರು. ಮೂರನೆಯ ದಿನ ಆ ಪ್ರಾಣಿ ಅವಳ ಮಡಿಲಲ್ಲಿ ಕಾಲು ಸಡಿಲಿಸಿ ಕುಳಿತಾಗ ಕೆಲಸ ಮೊದಲಾಯಿತು.

ಕ್ರಮವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಇಂದು ನಮ್ಮ ಅನೇಕ ಕುಟುಂಬಗಳಲ್ಲಿ ಈ ಪ್ರಾಣಿ ಬಂದು ಸೇರಿದೆ. ಬಾಚುವಾಗ ತುದಿಯಿಂದ ಆರಂಭಿಸಿ ಬುಡದತ್ತ ಬರಬೇಕು. ಗಂಟು ಸಿಕ್ಕಿದಲ್ಲಿ ಬುಡವನ್ನು ಎರಡು ಬೆರಳುಗಳಿಂದ ಹಿಡಿದುಕೊಂಡರೆ ಚರ್ಮ ಎಳೆಯುವುದಿಲ್ಲ. ಬಿಡಿಸಲಾಗದ ಗಂಟನ್ನು ಎಳೆದಾಡದೆ ಕತ್ತರಿಸುವುದೇ ಲೇಸು. ಕತ್ತರಿಯ ತುದಿ ಮೊಂಡಾಗಿರಬೇಕು. ಗಿನಿಯಿಲಿಯ ಚರ್ಮ ತೆಳುವಾದದ್ದು, ಗಂಟಿನೊಡನೆ ಮೇಲಕ್ಕೆ ಎದ್ದುಬರುತ್ತದೆ; ಆದ್ದರಿಂದ ಗಂಟಿಗೂ ಚರ್ಮಕ್ಕೂ ನಡುವೆ ಬಾಚಣಿಗೆಯನ್ನು ಅಡ್ಡಲಾಗಿ ತೂರಿಸಿ, ಅದರ ಮೇಲ್ಭಾಗದಲ್ಲಿ ಮಾತ್ರ ಕತ್ತರಿಯಾಡಿಸಬೇಕು. ಒಬ್ಬರು ಹಿಡಿದುಕೊಂಡು ಮತ್ತೊಬ್ಬರು ಕತ್ತರಿಸುವುದು ಕ್ಷೇಮ. ಪಕ್ಕೆಯ ಕೂದಲು ನೆಲ ಮುಟ್ಟದಂತೆ, ಹಿಂಭಾಗದ ಕೂದಲು ಮೂತ್ರಕ್ಕೆ ಸಿಕ್ಕದಂತೆ, ಮುಖದ ಕೂದಲು ಕಣ್ಣಿಗೆ ಚುಚ್ಚದಂತೆ ಮೂರು ನಾಲ್ಕು ವಾರಗಳಿಗೊಮ್ಮೆ ಸವರಿದರೆ ಸಾಕು. ಮೀಸೆಯನ್ನು ಮಾತ್ರ ಮುಟ್ಟಬಾರದು. ಕತ್ತಲೆಯಲ್ಲಿ ಅದಕ್ಕೆ ದಾರಿ ತೋರುವುದು ಆ ಮೀಸೆಯೇ. ಬಾಚುವುದಂತೂ ದಿನವೂ ನಡೆಯಬೇಕು.

ಉಗುರಿನ ವಿಷಯದಲ್ಲಿ ಮತ್ತಷ್ಟು ಎಚ್ಚರ ಬೇಕು. ಮುಂಗಾಲಿಗೆ ನಾಲ್ಕು, ಹಿಂಗಾಲಿಗೆ ಮೂರು ಬೆರಳುಗಳು. ಬಿಳಿಯ ಉಗುರಿನಲ್ಲಿ ರಕ್ತನಾಳ ಕಾಣುತ್ತದೆ, ಅದಕ್ಕಿಂತ ಮುಂದೆ ಮಾತ್ರ ಕತ್ತರಿಸಬೇಕು. ಕಪ್ಪು ಉಗುರಾದರೆ ಹಿಂದಿನಿಂದ ಬೆಳಕು ಹಿಡಿದು ನೋಡಿ ತುದಿಯನ್ನಷ್ಟೇ ತೆಗೆಯಬೇಕು. ನೆತ್ತರು ಬಂದರೆ ಜೋಳದ ಹಿಟ್ಟನ್ನು ಒತ್ತಿ ಹಿಡಿದರೆ ನಿಲ್ಲುತ್ತದೆ. ಪದೇಪದೇ ಸ್ನಾನ ಮಾಡಿಸುವುದು ಹಿತವಲ್ಲ. ಅಗತ್ಯ ಬಿದ್ದಾಗ ಹಿಂಭಾಗವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ತಕ್ಷಣ ಒರಸಿ ಒಣಗಿಸಬೇಕು. ಆಹಾರಕ್ಕೆ ಒಣಹುಲ್ಲು, ಗರಿಕೆ. ಸಿ ಜೀವಸತ್ವಕ್ಕಾಗಿ ದೊಣ್ಣೆಮೆಣಸಿನಕಾಯಿ, ಕೊತ್ತಂಬರಿ, ಸೀಬೆಯ ಚೂರು. ನಮ್ಮ ಸೀಮೆಯಲ್ಲಿ ಹಿಪ್ಪುನೇರಳೆ ಸೊಪ್ಪು ಸುಲಭವಾಗಿ ಸಿಕ್ಕುವುದಾದರೂ ಔಷಧ ಸಿಂಪಡಿಸಿದ ತೋಟದ್ದನ್ನಾಗಲಿ, ಹುಳುಮನೆಯಲ್ಲಿ ಸುಣ್ಣದಪುಡಿ ಬಿದ್ದದ್ದನ್ನಾಗಲಿ ಕೊಡಬಾರದು. ಗಿನಿಯಿಲಿಗೆ ಜೊತೆಯೂ ಬೇಕು. ಒಂಟಿಯಾಗಿ ಸಾಕಬಾರದೆಂದು ಸ್ವಿಟ್ಜರ್ಲೆಂಡ್ ದೇಶವು 2008ರಲ್ಲಿಯೇ ನಿಯಮ ಮಾಡಿದೆ.

ಹುಣ್ಣು ಮಾಯ್ದ ಮೇಲೆ ಒಂದು ಧರ್ಮಸಂಕಟ ಎದುರಾಯಿತು. ಮೈಮೇಲಿನ ಕೂದಲನ್ನೂ ಗಿಡ್ಡಮಾಡುವುದು ಒಳ್ಳೆಯದೆಂದು ವೈದ್ಯರು ಹೇಳಿದ್ದರು. ಹುಡುಗಿ ಕಣ್ಣೀರಿಟ್ಟಳು. ಶಾಲೆಯ ಗೆಳತಿಯರೆಲ್ಲ ನೋಡಬೇಕೆಂದು ಬರುತ್ತಿದ್ದದ್ದೇ ಆ ಕೂದಲನ್ನು. ‘ಕೂದಲು ಹೋದರೆ ಬೆಳ್ಳಿ ಬೆಳ್ಳಿಯ ಹಾಗೆ ಕಾಣುತ್ತದೆಯೇ ತಾತ?’ ಎಂದು ಕೇಳಿದಳು. ‘ನಿನ್ನ ಕಣ್ಣಿಗೆ ಹೇಗೆ ಕಂಡೀತೆಂದು ನಾವು ಹೇಳಲಾರೆವು. ಈ ಸೆಕೆಯಲ್ಲಿ ಉದ್ದ ಕೂದಲು ಬೇಕೆಂದು ಅದು ಕೇಳಿದೆಯೇ ಎಂಬುದನ್ನು ನೀನೇ ನೋಡು’ ಎಂದೆವು. ಅಂದು ಮಧ್ಯಾಹ್ನ ಅವಳು ಪಂಜರದ ಮುಂದೆ ಬಹಳ ಹೊತ್ತು ಕುಳಿತಿದ್ದಳು. ಕಂದುಬಣ್ಣದ್ದು ಹುಲ್ಲಿನ ನಡುವೆ ಓಡಾಡುತ್ತಿತ್ತು. ಬೆಳ್ಳಿ ತಣ್ಣನೆಯ ಕಲ್ಲಿಗೆ ಮೈಚಾಚಿ ಏದುಸಿರು ಬಿಡುತ್ತಿತ್ತು. ಸಂಜೆಗೆ ಅವಳೇ ಕತ್ತರಿಯನ್ನೂ ಬಾಚಣಿಗೆಯನ್ನೂ ತಂದು ತಾಯಿಯ ಮುಂದಿಟ್ಟಳು. ನಾಲ್ಕು ದಿನಗಳಲ್ಲಿ ಕೆಲಸ ಮುಗಿಯಿತು. ಅಲ್ಲಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತಿದ್ದ ಆ ಪ್ರಾಣಿಯನ್ನು ನೋಡಿ ಗೆಳತಿಯರು ನಕ್ಕರಂತೆ. ಬೆಳ್ಳಿ ಮಾತ್ರ ಮೊದಲ ಬಾರಿಗೆ ನಾಲ್ಕು ಕಾಲನ್ನೂ ಎತ್ತಿ ಕುಪ್ಪಳಿಸಿತು. ಗಿನಿಯಿಲಿ ಸಂತೋಷವಾದಾಗ ಹೀಗೆ ಕುಪ್ಪಳಿಸುತ್ತದೆಂದು ಹುಡುಗಿ ಎಲ್ಲಿಯೋ ಓದಿದ್ದಳು. ನಮಗೆ ಓಡಿಬಂದು ಹೇಳಿದಳು.

ಕಠಿಣವಾದದ್ದು ಆಮೇಲಿನ ದಿನಗಳು. ಸಂಕಟ ಕಂಡಾಗ ಕರಗುವ ಮನಸ್ಸು ಎಲ್ಲರಲ್ಲಿಯೂ ಇರುತ್ತದೆ. ಸಂಕಟವೇನೂ ಇಲ್ಲದ ಒಂದು ಸಾಧಾರಣ ಮಂಗಳವಾರದಂದು, ಮಾರನೆಯ ದಿನ ಪರೀಕ್ಷೆಯಿರುವಾಗ, ಬಾಚಣಿಗೆ ಹಿಡಿದು ಕೂರುವುದೇ ನಿಜವಾದ ಪರೀಕ್ಷೆ. ಆ ಮನೆಯಲ್ಲಿ ಇದಕ್ಕೊಂದು ವ್ಯವಸ್ಥೆಯಾಯಿತು. ಸಂಜೆ ದೀಪ ಹಚ್ಚುವ ಮೊದಲು ಹುಡುಗಿಯ ಪಾಳಿ. ಪರೀಕ್ಷೆಯ ದಿನಗಳಲ್ಲಿ ಅವಳ ತಂದೆಯ ಪಾಳಿ. ಭಾನುವಾರ ಪಂಜರದ ಹಾಸನ್ನು ಪೂರ್ತಿಯಾಗಿ ಬದಲಾಯಿಸುವುದು ಎಲ್ಲರ ಕೆಲಸ. ಹುಳುಮನೆಯ ಶಿಸ್ತು ಗೂಡಿನ ಹಣದ ಆಸೆಯಿಲ್ಲದೆಯೂ ನಡೆಯಬಲ್ಲದೆಂಬುದನ್ನು ಕಂಡು ನಮಗೆ ಸಮಾಧಾನವಾಯಿತು. ಶರಣರು ಕಾಯಕಕ್ಕೆ ಕೊಟ್ಟ ಗೌರವವನ್ನು ವೇದಿಕೆಗಳಲ್ಲಿ ನಾವು ಅನೇಕ ವರ್ಷ ವಿವರಿಸಿದ್ದೇವೆ. ಪ್ರತಿಫಲದ ಎಣಿಕೆಯಿಲ್ಲದೆ ದಿನವೂ ಅದೇ ಹೊತ್ತಿಗೆ ಮಾಡುವ ಸಣ್ಣ ಕೆಲಸದಲ್ಲಿ ಅದರ ಅರ್ಥ ಎಷ್ಟು ಸರಳವಾಗಿ ಕಾಣುತ್ತದೆಂದು ಆ ಹುಡುಗಿಯ ಕೈ ನೋಡುವಾಗ ಅನ್ನಿಸಿತು.

ಮಕ್ಕಳ ಹಟಕ್ಕೆ ಮಣಿದು ಪ್ರಾಣಿಯನ್ನು ಕೊಳ್ಳಹೊರಟ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಸಾಕುಪ್ರಾಣಿಗಳನ್ನು ಮಾರುವ ಅಂಗಡಿಗಳು ನೋಂದಣಿ ಮಾಡಿಸಿಕೊಂಡಿರಬೇಕೆಂದು 2018ರ ನಿಯಮಗಳು ವಿಧಿಸುತ್ತವೆ, ಅದನ್ನು ವಿಚಾರಿಸಿರಿ. ಸಾಧ್ಯವಾದರೆ ಗಿಡ್ಡಗೂದಲಿನ ಜೋಡಿಯನ್ನೇ ಆರಿಸಿಕೊಳ್ಳಿರಿ. ಉದ್ದಗೂದಲಿನದೇ ಬೇಕೆಂದಾದರೆ ಬೆಲೆ ಕೇಳುವ ಮೊದಲು ಮನೆಯವರೆಲ್ಲ ಒಟ್ಟಿಗೆ ಕುಳಿತು, ಬರುವ ಐದಾರು ವರ್ಷ ದಿನವೂ ಬಾಚುವವರು ಯಾರು, ತಿಂಗಳಿಗೊಮ್ಮೆ ಕತ್ತರಿ ಹಿಡಿಯುವವರು ಯಾರು, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು ಎಂದು ಕೇಳಿಕೊಳ್ಳಿರಿ. ಹೆಸರು ಹಿಡಿದು ಉತ್ತರ ಹೇಳಬಲ್ಲ ಮನೆಗೆ ಆ ಜೀವ ಧಾರಾಳವಾಗಿ ಬರಲಿ.