ಯಾರ್ಡಿನಲ್ಲಿ ನಿಂತ ಕಬ್ಬು

ಆಗಸ್ಟ್ 19, ಮಂಡ್ಯ
ಸೋಸುಕಾಗದದ ಮೇಲೆ ಸುರಿದ ಕಬ್ಬಿನ ಹಾಲು ಇಳಿಯುತ್ತಲೇ ಇಲ್ಲ. ಕಟಾವಿನ ಆಳು ಸಿಕ್ಕರೆ ಲಾರಿ ಇಲ್ಲ, ಲಾರಿ ಬಂದರೆ ಫ್ಯಾಕ್ಟರಿ ಯಾರ್ಡಿನಲ್ಲಿ ಸಾಲು, ಮೇಲೆ ಮಳೆ. ಮಧ್ಯಾಹ್ನ ಹೋಗಿ ಜಲ್ಲೆಗಳ ಕಡಿದ ತುದಿ ಮುಟ್ಟಿ ನೋಡಿದೆ. ಹುಳಿ ವಾಸನೆ, ಬೆರಳಿಗೆ ನೂಲುನೂಲಾಗಿ ಅಂಟುವ ಲೋಳೆ. ಹಾಲಿಗೆ ಆಲ್ಕೋಹಾಲ್ ಬಿಟ್ಟ ಕೂಡಲೇ ಬೆಳ್ಳಗೆ ಕದಡಿತು. ಲೋಳೆ ಮಾಡುವ ಡೆಕ್ಸ್ಟ್ರಾನ್ ಇರಲೇಬೇಕು.

ಆಗಸ್ಟ್ 20
ಟ್ರೈನಿ ಹುಡುಗಿ ಕೇಳಿದಳು: “ಗಾಣಕ್ಕೆ ಔಷಧಿ ಹೊಡೆದಿದ್ದೀವಲ್ಲ ಸಾರ್, ಬ್ಯಾಕ್ಟೀರಿಯಾ ಸತ್ತಮೇಲೂ ಲೋಳೆ ಯಾಕೆ ಹೆಚ್ಚುತ್ತೆ?”

ಒಳ್ಳೆಯ ಪ್ರಶ್ನೆ. ಈ ಲೋಳೆಯ ಬ್ಯಾಕ್ಟೀರಿಯಾ ಲ್ಯೂಕೊನೊಸ್ಟಾಕ್ ತನ್ನ ಕಿಣ್ವವನ್ನು ಮೈಯಿಂದಾಚೆ ಬಿಟ್ಟಿರುತ್ತದೆ. ಒಡತಿ ಸತ್ತರೂ ಡೆಕ್ಸ್ಟ್ರಾನ್‌ಸುಕ್ರೇಸ್ ಹಾಲಿನಲ್ಲಿ ದುಡಿಯುತ್ತಲೇ ಇರುತ್ತದೆ. ಸುಕ್ರೋಸನ್ನು ಮುರಿದು, ಗ್ಲೂಕೋಸನ್ನು ಸರಪಳಿಗೆ ಸೇರಿಸಿ, ಫ್ರಕ್ಟೋಸನ್ನು ಹೊರಗೆ ಬಿಡುತ್ತದೆ. ಇದಕ್ಕೆ ಬೇರೆ ಇಂಧನ ಬೇಡ. ಸುಕ್ರೋಸಿನ ಬಂಧ ಒಡೆದಾಗ ಸಿಗುವ ಶಕ್ತಿಯೇ ಸಾಕು. ನಮ್ಮ ಸಕ್ಕರೆಯಿಂದಲೇ ನಮಗೆ ಲೋಳೆ! ಬ್ಯಾಸಿಲಸ್ ಜಾತಿಯ ಲೆವಾನ್‌ಸುಕ್ರೇಸ್ ಇದನ್ನೇ ತಿರುಗಾಮುರುಗಾ ಮಾಡುತ್ತದೆ: ಪೋಣಿಸುವುದು ಫ್ರಕ್ಟೋಸ್, ಬಿಡುವುದು ಗ್ಲೂಕೋಸ್.

ಆಗಸ್ಟ್ 22
ಸಕ್ಕರೆ ಕುದಿಸುವ ಪ್ಯಾನ್ ಕಡೆಯವರ ಜೊತೆ ಜಟಾಪಟಿ. “ನಿಮ್ಮ ಲ್ಯಾಬ್ ಪೋಲ್ ಚೆನ್ನಾಗೇ ತೋರಿಸುತ್ತೆ, ಚೀಲ ಮಾತ್ರ ತುಂಬಲ್ಲ” ಅಂದರು. ಸಿಟ್ಟು ಬಂತು, ಆದರೆ ಮಾತು ನಿಜ. ಡೆಕ್ಸ್ಟ್ರಾನ್ ಬೆಳಕನ್ನು ಸುಕ್ರೋಸಿಗಿಂತ ಸುಮಾರು 3 ಪಟ್ಟು ಬಲಕ್ಕೆ ತಿರುಗಿಸುತ್ತದೆ. ಸಕ್ಕರೆ ಹಾಳಾದಷ್ಟೂ ಪೋಲ್, ಅಂದರೆ ಪೋಲಾರಿಮೀಟರ್ ಅಂಕಿ, ಏರಿ ಕೂರುತ್ತದೆ! ಕಳ್ಳನೇ ಲೆಕ್ಕ ಬರೆದ ಹಾಗೆ. ಸಂಜೆ ಪ್ಯಾನಿನ ಮಾದರಿಯನ್ನು ಮಸೂರದಡಿ ಇಟ್ಟರೆ ಹರಳುಗಳು ಘನವಾಗಿರದೆ ಸೂಜಿಯಂತೆ ಉದ್ದ. ಡೆಕ್ಸ್ಟ್ರಾನನ್ನು ಒಡೆಯುವ ಕಿಣ್ವ ಡೆಕ್ಸ್ಟ್ರಾನೇಸ್ ತರಿಸಬೇಕೆಂದು ಬರೆದುಕೊಟ್ಟೆ. ದುಬಾರಿ ಅನ್ನುತ್ತಾರೆ, ಗೊತ್ತು.

ಆಗಸ್ಟ್ 25, ಭಾನುವಾರ
ಇಡ್ಲಿ ಹಿಟ್ಟು ಚೆನ್ನಾಗಿ ಉಬ್ಬಿತ್ತು. ಅದನ್ನು ಉಬ್ಬಿಸುವವರಲ್ಲಿ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಮುಂದಾಳು. ಹೆಂಡತಿಗೆ ಹೇಳಿದೆ. “ಫ್ಯಾಕ್ಟರಿ ಕಥೆ ಫ್ಯಾಕ್ಟರಿಯಲ್ಲೇ ಇರಲಿ, ಚಟ್ನಿ ಬೇಕಾ?” ಅಂದಳು.

ಹೊಟ್ಟೆ ತುಂಬಿದ ಮೇಲೆ ಹಳೆಯ ಪುಸ್ತಕ ತೆಗೆದೆ. 1861ರಲ್ಲಿ ಪಾಶ್ಚರ್ ಈ ಲೋಳೆ ಸೂಕ್ಷ್ಮಜೀವಿಗಳ ಕೆಲಸ ಎಂದರು. 1940ರ ದಶಕದಲ್ಲಿ ಸ್ವೀಡನ್ನಿನ ಗ್ರೋನ್‌ವಾಲ್ ಮತ್ತು ಇಂಗೆಲ್‌ಮನ್ ಇದೇ ಡೆಕ್ಸ್ಟ್ರಾನನ್ನು ತಕ್ಕ ಗಾತ್ರಕ್ಕೆ ತುಂಡರಿಸಿ, ರಕ್ತದ ಪ್ಲಾಸ್ಮಾಕ್ಕೆ ಬದಲಾಗಿ ನಾಳಕ್ಕೆ ಹರಿಸಬಹುದೆಂದು ತೋರಿಸಿದರು. ಅವರಿಗೆ ಬೇಕಾಗಿದ್ದೇ ಲೋಳೆ. ನನಗೆ ಅದರ ಕಾಟ.

ಆಗಸ್ಟ್ 27
ತೂಕದ ಚೀಟಿಯಲ್ಲಿ ಕಟಾವಿನ ಹೊತ್ತನ್ನೂ ಬರೆಸಲು ಒಪ್ಪಿದ್ದಾರೆ. ಒಬ್ಬ ರೈತರು ಸರಿಯಾಗೇ ಕೇಳಿದರು: “ಕಡಿದದ್ದು ನಾವು ಬರೆಸ್ತೀವಿ. ಯಾರ್ಡಲ್ಲಿ ನಿಲ್ಲಿಸಿದ್ದನ್ನ ಯಾರು ಬರೀತಾರೆ ಸ್ವಾಮಿ?” ಅದಕ್ಕೂ ಒಂದು ಕಾಲಂ ಹಾಕಿಸಿದೆ. ಮ್ಯಾನೇಜರ್ ಇನ್ನೂ ಸಹಿ ಮಾಡಿಲ್ಲ.