ದಿವಾಡಿ: ಹೊಳೆ ದಾಟಿದ ದೇವರು, ದಾಟದ ಗದ್ದೆ

ಮಂಗಳೂರಿನಿಂದ ಮುಂಬೈ ಕಡೆಗೆ ಹೋಗುವ ಕೊಂಕಣ ರೈಲು ಗೋವಾದ ಕರ್ಮಳಿ ದಾಟಿದ ಸ್ವಲ್ಪ ಹೊತ್ತಿಗೆ ಮಾಂಡೋವಿ ನದಿಯ ಮೇಲೆ ಬರುತ್ತದೆ. ಸೇತುವೆ ಮುಗಿದು ನೆಲ ಬಂತು ಅನ್ನುವಷ್ಟರಲ್ಲಿ ಮತ್ತೆ ನೀರು. ನಡುವೆ ಹಾದುಹೋದ ಆ ಹಸಿರು ನೆಲ ದಿವಾಡಿ ದ್ವೀಪ. ಪೋರ್ಚುಗೀಸರ ಬಾಯಲ್ಲಿ ದಿವಾರ್. ಇನ್ನೂ ಹಳೆಯ ಹೆಸರು ದೀಪವತಿ. ರೈಲು ದ್ವೀಪದ ಮೇಲೇ ಓಡುತ್ತದೆ, ಆದರೆ ಅಲ್ಲಿ ನಿಲ್ಲುವುದಿಲ್ಲ. ಇಳಿಯಬೇಕೆಂದವರು ಹಳೆ ಗೋವಾದ ವೈಸ್‌ರಾಯ್ ಕಮಾನಿನ ಬಳಿಯ ದಕ್ಕೆಗೆ ಬಂದು ಫೆರಿ ಹತ್ತಬೇಕು.

ನಾನು ಅಲ್ಲಿಗೆ ಹೋದದ್ದು ಕದಂಬರ ಜಾಡು ಹಿಡಿದು. ಕಿತ್ತೂರಿನ ಹತ್ತಿರದ ದೇಗಾಂವೆಯಲ್ಲಿ ಕಮಲನಾರಾಯಣ ದೇವಸ್ಥಾನವಿದೆ. ಅದನ್ನು ಕಟ್ಟಿಸಿದವಳು ಗೋವೆಯ ಕದಂಬರ ರಾಣಿ ಕಮಲಾದೇವಿ. ಅವಳ ಗಂಡ ಶಿವಚಿತ್ತ ಪೆರ್ಮಾಡಿ, 12ನೇ ಶತಮಾನದ ಅರಸ. ಈ ಮನೆತನದವರು ತಮ್ಮ ಚಿನ್ನದ ನಾಣ್ಯಗಳ ಮೇಲೆ ಸಿಂಹವನ್ನು ಮೂಡಿಸಿ, ಸಪ್ತಕೋಟೀಶ್ವರನಿಂದ ವರ ಪಡೆದವರು ತಾವೆಂದು ಬರೆಸಿಕೊಂಡರು. ಆ ಸಪ್ತಕೋಟೀಶ್ವರ ನೆಲೆಸಿದ್ದು ಈ ದ್ವೀಪದಲ್ಲಿ, ನಾರ್ವೆ ಎಂಬ ಊರಲ್ಲಿ. (ಯುರೋಪಿನ ನಾರ್ವೆ ನೆನಪಾದರೆ ತಪ್ಪಲ್ಲ, ನನಗೂ ಮೊದಲು ಅದೇ ನೆನಪಾದದ್ದು.) ಏಳು ಋಷಿಗಳು ಏಳು ಕೋಟಿ ವರ್ಷ ತಪಸ್ಸು ಮಾಡಿ ಶಿವನನ್ನು ಒಲಿಸಿಕೊಂಡರೆಂದೂ, ಏಳು ಲೋಹ ಕರಗಿಸಿ ಲಿಂಗ ಮಾಡಿದರೆಂದೂ ಐತಿಹ್ಯ.

ಬಹಮನಿಗಳ ಕಾಲದಲ್ಲಿ ಗುಡಿ ಹಾಳಾಯಿತು. 14ನೇ ಶತಮಾನದ ಕೊನೆಯ ಭಾಗದಲ್ಲಿ ವಿಜಯನಗರದ ಮಾಧವ ಮಂತ್ರಿ ಅದನ್ನು ಮತ್ತೆ ನಿಲ್ಲಿಸಿದ. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಗೆದ್ದ. ಮೂರು ದಶಕ ಕಳೆಯುವಷ್ಟರಲ್ಲಿ ತಿಸ್ವಾಡಿಯ ದೇವಾಲಯಗಳು ಒಂದೊಂದಾಗಿ ಉರುಳಿದವು. ಸಪ್ತಕೋಟೀಶ್ವರನ ಲಿಂಗವನ್ನು ಬಾವಿಯ ರಾಟೆಗೆ ಬಳಸುತ್ತಿದ್ದರಂತೆ. ಒಂದು ರಾತ್ರಿ ಭಕ್ತರು ಅದನ್ನು ಕದ್ದು ದೋಣಿಯಲ್ಲಿಟ್ಟು ಆಚೆ ದಡಕ್ಕೆ ಒಯ್ದರಂತೆ. ಆಚೆ ದಡ ಎಂದರೆ ಡಿಚೋಲಿ ಸೀಮೆ. ಅದು ಆಗ ಯಾರದು? ಬಿಜಾಪುರದ ಆದಿಲಶಾಹಿಗಳದು. ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡ ಶಿವನಿಗೆ ಆಸರೆ ಸಿಕ್ಕಿದ್ದು ಸುಲ್ತಾನರ ನೆಲದಲ್ಲಿ. ನಮ್ಮ ಚರಿತ್ರೆಯನ್ನು ಎರಡೇ ಬಣ್ಣದಲ್ಲಿ ಬರೆಯಲು ಹೊರಡುವವರು ಈ ಫೆರಿಯನ್ನು ಒಮ್ಮೆ ಹತ್ತಬೇಕು.

ದೇವರ ಜೊತೆ ಊರಿನ ಹೆಸರೂ ದಾಟಿತು. ಇಂದು ಹೊಳೆಯ ಎರಡೂ ದಡದಲ್ಲಿ ಒಂದೊಂದು ನಾರ್ವೆ ಇದೆ, ನಡುವೆ ಫೆರಿ ಓಡಾಡುತ್ತದೆ. ಆಚೆಯ ನಾರ್ವೆಯ ಗುಡಿಯನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ. ಈಚೆಯ ನಾರ್ವೆಯಲ್ಲಿ ಉಳಿದದ್ದು ಕೋಟಿತೀರ್ಥವೆಂಬ ಕಲ್ಲಿನ ಕೊಳ.

ಹಾಗಾದರೆ ದ್ವೀಪದ ಜನ ಯಾಕೆ ದಾಟಲಿಲ್ಲ? ಕೆಲವರು ದಾಟಿದರು. ಹಲವರು ಉಳಿದರು, ಜ್ಞಾನಸ್ನಾನ ಪಡೆದು ಹೊಸ ಹೆಸರಿಟ್ಟುಕೊಂಡರು. ಕಾರಣ ಹುಡುಕಲು ಪೀಯೆದಾದ್ ಗುಡ್ಡದ ಮೇಲಿನ ಇಗರ್ಜಿಯ ಅಂಗಳದಲ್ಲಿ ನಿಂತು ಕೆಳಗೆ ನೋಡಿದರೆ ಸಾಕು. ಸುತ್ತಲೂ ಖಾಜನ್ ಗದ್ದೆಗಳು. ಉಬ್ಬರದ ಉಪ್ಪುನೀರನ್ನು ಮಣ್ಣಿನ ಕಟ್ಟೆ ಹಾಕಿ ತಡೆದು ತಲೆಮಾರುಗಳು ಗೆದ್ದುಕೊಂಡ ನೆಲ ಅದು. ಕಟ್ಟೆಯ ತೂಬಿನ ಮರದ ಕದ ಉಬ್ಬರದ ಒತ್ತಡಕ್ಕೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ತೆರೆದು ಒಳಗಿನ ನೀರನ್ನು ಹೊರಬಿಡುತ್ತದೆ. ಮಳೆ ಉಪ್ಪನ್ನು ತೊಳೆದ ಮೇಲೆ ಕೊರ್ಗುಟ್ ಎಂಬ ಭತ್ತ ಬೆಳೆಯುತ್ತದೆ. ಅಘನಾಶಿನಿಯ ಗಜನಿ ಭೂಮಿಯನ್ನೂ ಕಗ್ಗ ಭತ್ತವನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಮಳೆಗಾಲ ಕಟ್ಟೆ ನೋಡದಿದ್ದರೆ ಗದ್ದೆ ಹೊಳೆಯ ಪಾಲು. ಅದನ್ನು ಕಾಯುತ್ತಿದ್ದುದು ಗಾಂವ್ಕಾರಿ, ಅಂದರೆ ಊರಿನ ಮೂಲ ಮನೆತನಗಳ ಒಕ್ಕೂಟ. ಪೋರ್ಚುಗೀಸರು ಗುಡಿ ಕೆಡವಿದರು, ಈ ಒಕ್ಕೂಟವನ್ನು ಮಾತ್ರ ಕೆಡವಲಿಲ್ಲ. 1526ರಲ್ಲೇ ಅದರ ರೂಢಿಗಳನ್ನೆಲ್ಲ ಬರೆಸಿಟ್ಟರು. ಕಂದಾಯ ಬರಬೇಕಲ್ಲ! ಲಿಂಗ ದೋಣಿಯಲ್ಲಿ ಹೋಯಿತು, ಗದ್ದೆ ಹೋಗಲಾರದು. ಉಳಿದವರನ್ನು ಹೆದರಿದವರು, ಮಾರಿಕೊಂಡವರು ಎಂದೆಲ್ಲ ಕರೆಯುವುದು ಸುಲಭ. ಆ ಕಟ್ಟೆಯ ಮೇಲೆ ಅರ್ಧ ಗಂಟೆ ನಡೆದ ಮೇಲೆ ನನಗೆ ಹಾಗನ್ನಲು ಬಾಯಿ ಬರಲಿಲ್ಲ.

ಪೀಯೆದಾದ್ ಎಂದರೆ ಕರುಣೆ. ಇಗರ್ಜಿ ಕರುಣೆಯ ಮಾತೆಯದು. ಪಕ್ಕದ ಸಮಾಧಿಭೂಮಿಯಲ್ಲಿರುವ ಪುಟ್ಟ ಪ್ರಾರ್ಥನಾಲಯ ಕದಂಬರ ಕಾಲದ ಗುಡಿಯ ಭಾಗವೆನ್ನುತ್ತಾರೆ. ಇಲ್ಲಿದ್ದ ಗಣಪತಿ ಊರಿಂದೂರಿಗೆ ಅಲೆದು ಖಾಂಡೋಳಾ ಸೇರಿದ ಎನ್ನುವುದೂ ಜನರ ಮಾತು. ಹಳೆಯ ಗುಡಿಯ ಸೂರಿನಡಿ ಈಗ ಊರವರು ತಮ್ಮ ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ.

ಆಗಸ್ಟ್ ತಿಂಗಳ ನಾಲ್ಕನೇ ಶನಿವಾರ ಪೀಯೆದಾದ್‌ನಲ್ಲಿ ಬೊಂಡೆರಾ ಹಬ್ಬ. ಎರಡು ವಾಡೆಗಳವರು ಗಡಿಗಾಗಿ ಹೊಡೆದಾಡಿಕೊಳ್ಳುತ್ತಿದ್ದರಂತೆ, ಸರ್ಕಾರ ಗಡಿಗೆ ಬಾವುಟ ನೆಟ್ಟಿತಂತೆ, ಒಬ್ಬರದನ್ನು ಇನ್ನೊಬ್ಬರು ಬೀಳಿಸಿದರಂತೆ. ಜಗಳ ಹೋಗಿ ಬಾವುಟದ ಮೆರವಣಿಗೆ ಉಳಿದಿದೆ. ಮಕ್ಕಳ ಕೈಯಲ್ಲಿ ಫೊಟಾಶ್ ಎಂಬ ಬಿದಿರಿನ ಕೋವಿ, ಅದರೊಳಗೆ ಹಸಿ ಕಾಯಿ. ಥೇಟ್ ನಮ್ಮ ಪೆಟ್ಲು. ಅದೇ ಮಳೆಯ ದಿನಗಳಲ್ಲಿ, ಗೋಕುಲಾಷ್ಟಮಿಗೆ, ಆಚೆ ನಾರ್ವೆಯ ಪಂಚಗಂಗೆಯಲ್ಲಿ ಜನ ಮೀಯಲು ಸೇರುತ್ತಾರೆ. ನೀರಿಗಿಳಿದು ತಲೆ ಎತ್ತಿದರೆ ಎದುರಿಗೇ ದಿವಾಡಿ ಕಾಣುತ್ತದೆ.