ಹಳ್ಳದ ದಂಡೆಯ ಮಣ್ಣು

ನಮ್ಮ ಮನೆಯ ಆಸ್ತಿ ಪಾಲಾದಾಗ ದೊಡ್ಡಪ್ಪನವರಿಗೆ ಕೆರೆಯ ಹಿಂದಿನ ಎರೆಮಣ್ಣಿನ ಗದ್ದೆಯೂ, ನಮ್ಮ ತಂದೆಯವರಿಗೆ ಹಳ್ಳದ ದಂಡೆಯ ತೋಟವೂ ಬಂದುವು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಆ ಕಥೆಯನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಪಾಲು ಮಾಡಿದ ಅರಳಿಕಟ್ಟೆಯ ಮೂಲೆಯಲ್ಲಿ ನಾನೂ ಕುಳಿತಿದ್ದೆನೇನೋ ಎಂಬ ಭ್ರಮೆ ಈಗಲೂ ಉಂಟಾಗುತ್ತದೆ. ಕಥೆಯ ಕೊನೆಯ ಮಾತು ಯಾವಾಗಲೂ ಒಂದೇ: "ಅಣ್ಣಂಗೆ ಭೂಮಿ ಬಂತು, ನಂಗೆ ತೂತು ಗಡಿಗೆ ಬಂತು." ಎಷ್ಟು ನೀರು ಹಾಯಿಸಿದರೂ ಮೇಲೆ ನಿಲ್ಲದ ಆ ಮಣ್ಣನ್ನು ಅಪ್ಪ ಹೀಗೆ ಕರೆಯುತ್ತಿದ್ದರು.

ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಹೊಳೆದುದು ಈ ತೂತು ಗಡಿಗೆಯೇ. ಸಹಪಾಠಿಗಳು ಸ್ನೇಹ, ಪ್ರೇಮ, ಚಂದ್ರೋದಯಗಳನ್ನು ಕುರಿತು ಬರೆಯುತ್ತಿರುವಾಗ ಮಣ್ಣನ್ನು ಕುರಿತು ಬರೆಯುವವನನ್ನು ಕಂಡು ನಗುವವರು ನಗಲಿ. ಆ ಮಣ್ಣಿನ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ಹೇಳಿಕೊಳ್ಳದೆ ಕಾಲೇಜು ಬಿಡಲು ಮನಸ್ಸು ಬಾರದು.

ನಮ್ಮೂರು ತುಮಕೂರು ಜಿಲ್ಲೆಯ ಮಧುಗಿರಿ ಸೀಮೆಯದು. ಸುತ್ತಲೂ ಬೋಳು ಬಂಡೆಯ ಬೆಟ್ಟಗಳು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯ ಹೆಸರಿನಿಂದ ಭೂವಿಜ್ಞಾನಿಗಳು ಕರೆಯುವ ಗ್ರಾನೈಟು ಶಿಲೆಯ ಪಟ್ಟಿಯೊಂದು ದಕ್ಷಿಣೋತ್ತರವಾಗಿ ನಮ್ಮ ಸೀಮೆಯನ್ನು ಹಾದುಹೋಗುತ್ತದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಮಳೆಯೋ ವರ್ಷಕ್ಕೆ 600-700 ಮಿಲಿಮೀಟರಿನ ಆಸುಪಾಸು; ಅದೂ ಬಂದರೆ ಬಂತು. ಅದರಲ್ಲಿ ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆಗಳ ಕೆಲವೇ ದಿನಗಳಲ್ಲಿ ಸುರಿದುಬಿಡುತ್ತದೆ. ಬಂಡೆಯ ಮೇಲೆ ಬಿದ್ದ ನೀರಿಗೆ ಇಂಗಲು ಎಡೆಯಿಲ್ಲ. ಅದು ಸರುವುಗಳಲ್ಲಿ ಇಳಿದು, ಹಳ್ಳಗಳಲ್ಲಿ ಕೂಡಿ, ದೇವರಾಯನದುರ್ಗದಲ್ಲಿ ಹುಟ್ಟಿ ಬರುವ ಜಯಮಂಗಲಿಯನ್ನು ಸೇರಿ, ಉತ್ತರ ಪಿನಾಕಿನಿಯತ್ತ ಓಡುತ್ತದೆ.

ಓಡುವಾಗ ಬರಿಗೈಯಲ್ಲಿ ಓಡುವುದಿಲ್ಲ; ಬೆಟ್ಟವನ್ನು ಚೂರುಚೂರಾಗಿ ಹೊತ್ತು ತರುತ್ತದೆ. ಇಳಿಜಾರು ಕಡಿಮೆಯಾದಂತೆಲ್ಲ ಮೊದಲು ಗುಂಡುಗಳನ್ನು, ಆಮೇಲೆ ನೊರಜುಗಲ್ಲನ್ನು, ಆಮೇಲೆ ಮರಳನ್ನು, ಕಡೆಗೆ ನೀರು ನಿಧಾನವಾದೆಡೆ ನುಣುಪಾದ ರೇವೆಯನ್ನು ಇಳಿಸುತ್ತದೆ. ಸಂತೆಯಿಂದ ಹೊರೆ ಹೊತ್ತು ಬರುವವನು ದಣಿದಾಗ ಭಾರದ ಗಂಟನ್ನು ಮೊದಲು ಇಳಿಸುವುದಿಲ್ಲವೆ, ಹಾಗೆ. ಹೀಗೆ ಬಂದು ಕುಳಿತುದೇ ಮೆಕ್ಕಲು ಮಣ್ಣು. ನಮ್ಮ ತೋಟದ ಮಣ್ಣು ಅಂಥದು.

2022ರ ಮಳೆಗಾಲವನ್ನು ನಮ್ಮ ಜಿಲ್ಲೆಯವರು ಮರೆತಿರಲಾರರು. ಜಯಮಂಗಲಿ ದಡಮೀರಿ ಹರಿಯಿತು. ನಮ್ಮ ಹಳ್ಳವೂ ಒಂದು ರಾತ್ರಿ ತೋಟದೊಳಕ್ಕೆ ನುಗ್ಗಿ, ಬೆಳಗಾಗುವಷ್ಟರಲ್ಲಿ ಮೊಣಕಾಲುದ್ದ ಮರಳನ್ನು ಬಿಟ್ಟು ಹಿಂದಕ್ಕೆ ಸರಿದಿತ್ತು. ದೊಡ್ಡಪ್ಪನವರ ಗದ್ದೆಯಲ್ಲಿ ನೀರು ಮೂರು ವಾರ ನಿಂತು ಪೈರು ಕೊಳೆಯಿತು. ನಮ್ಮ ತೋಟದಲ್ಲಿ ಮೂರನೆಯ ದಿನವೇ ಕಾಲಿಗೆ ಕೆಸರು ಹತ್ತದಂತೆ ಓಡಾಡಬಹುದಿತ್ತು. ಈ ವ್ಯತ್ಯಾಸ ಕಣ್ಣೆದುರಿಗೇ ಇದ್ದರೂ ನಮಗೆ ಕಾಣಲಿಲ್ಲ. ನಮಗೆ ಕಂಡುದು ಮರಳು ಮಾತ್ರ.

ಅದು ಇನ್ನೊಬ್ಬರಿಗೂ ಕಂಡಿತು. ಮರಳಿನ ವ್ಯಾಪಾರಿಯೊಬ್ಬರು ಮನೆಗೆ ಬಂದು ಲೋಡಿಗೆ ಇಷ್ಟೆಂದು ಬೆಲೆ ಕಟ್ಟಿದರು. ಅಕ್ಕನ ಮದುವೆ ಗೊತ್ತಾಗಿತ್ತು. ನನ್ನ ಕಾಲೇಜು ಶುಲ್ಕವೂ ವಿದ್ಯಾರ್ಥಿನಿಲಯದ ಖರ್ಚೂ ಎದುರಿಗಿದ್ದುವು. ಅಪ್ಪ ಎರಡು ದಿನ ಯೋಚಿಸಿದರು. ಅಜ್ಜಿ ಮಾತ್ರ ಒಪ್ಪಲಿಲ್ಲ.

"ಹಳ್ಳ ಕೊಟ್ಟಿದ್ದ ಮಾರ್ಬ್ಯಾಡ ಕಣಪ್ಪ. ಅದು ಕೊಟ್ಟಿರದು ನಿಂಗಲ್ಲ, ಮರಕ್ಕೆ," ಎಂದರು.

ಆಗ ನಡುವೆ ಬಾಯಿ ಹಾಕಿದವನು ನಾನು. ಕಾಲೇಜು ಸೇರಿ ಎರಡು ತಿಂಗಳಾಗಿತ್ತಷ್ಟೆ. ವಿದ್ಯೆಯೆಲ್ಲ ತಲೆಯಲ್ಲೇ ಇದೆಯೆಂದು ತಿಳಿದಿದ್ದ ಕಾಲ. "ಹೆಂಗೂ ತೂತು ಗಡಿಗೆ ಅಂತೀಯಲ್ಲಪ್ಪ. ಮರಳು ಹೋದ್ರೆ ಕೆಳಗಿರೋ ಒಳ್ಳೇ ಮಣ್ಣು ಮೇಲೆ ಬರ್ತೈತೆ," ಎಂದೆ. ಓದಿದ ಮಗನ ಮಾತೆಂದು ಅಪ್ಪ ನಂಬಿದರು. ಅಜ್ಜಿ ಎದ್ದು ಒಳಗೆ ಹೋದರು.

ಹೊಸದಾಗಿ ಬಂದ ಮರಳನ್ನು ಮಾತ್ರ ತೆಗೆಯುವುದೆಂದು ಮಾತಾಗಿತ್ತು. ಯಂತ್ರ ಬಂದ ಮೇಲೆ ಮಾತು ಯಂತ್ರದ ಸದ್ದಿನಲ್ಲಿ ಮುಳುಗಿತು. ತೋಟದ ಕೆಳಮೂಲೆಯಲ್ಲಿ ಎರಡಾಳುದ್ದದ ಗುಂಡಿ ಬಿತ್ತು. ಅದಕ್ಕೆ ಅನುಮತಿ ಇತ್ತೆ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಕ್ಕನ ಮದುವೆ ಸಾಂಗವಾಗಿ ನಡೆಯಿತು. ನನ್ನ ಶುಲ್ಕದ ರಸೀತಿ ಪೆಟ್ಟಿಗೆ ಸೇರಿತು.

2023ರಲ್ಲಿ ನಾಡಿನ ಬಹುಭಾಗಕ್ಕೆ ಬರ ಬಂತು. ಸಾಮಾನ್ಯವಾಗಿ ಯುಗಾದಿಯವರೆಗೂ ನೀರು ಕೊಡುತ್ತಿದ್ದ ನಮ್ಮ ತೋಟದ ಬಾವಿ 2024ರ ಶಿವರಾತ್ರಿಗೆ ಮುಂಚೆಯೇ ಬತ್ತಿತು. ಗುಂಡಿಯ ಅಂಚಿನ ಏಳು ತೆಂಗಿನ ಮರಗಳು ಹರಳು ಉದುರಿಸಿ, ಗರಿ ಜೋತುಬಿಟ್ಟು ನಿಂತುವು. ಅವುಗಳಲ್ಲಿ ಮೂರು ಮರಗಳ ಸುಳಿ ಒಣಗಿತು. ಎಲ್ಲ ತಪ್ಪನ್ನೂ ಗುಂಡಿಯ ಮೇಲೆ ಹೊರಿಸಿದರೆ ಅನ್ಯಾಯವಾದೀತು. ಬರವೂ ತನ್ನ ಪಾಲನ್ನು ತೆಗೆದುಕೊಂಡಿತ್ತು. ಆದರೆ ಅದೇ ತೋಟದ ಮೇಲ್ಭಾಗದಲ್ಲಿ, ಅದೇ ಬಿಸಿಲಿನಲ್ಲಿ, ಮಣ್ಣು ಕದಲದಿದ್ದ ಕಡೆ ಮರಗಳು ಬಡಕಲಾದರೂ ಬದುಕಿದ್ದುವು.

ಅದೇ ಬೇಸಗೆಯಲ್ಲಿ ನಮ್ಮ ಭೂಗೋಳದ ಅಧ್ಯಾಪಕರು, ಎಲ್ಲರೂ ತಮ್ಮ ತಮ್ಮ ಊರಿನ ಮಣ್ಣನ್ನು ಪರೀಕ್ಷಿಸಿ ಬರೆದು ತರಬೇಕೆಂದು ಹೇಳಿದರು. ನಾನು ಆ ಗುಂಡಿಗೇ ಇಳಿದೆ. ಬೇರೆಡೆ ಅಗೆಯುವ ಕಷ್ಟ ತಪ್ಪಿತೆಂದೇ ನನ್ನ ಮೊದಲ ಎಣಿಕೆಯಾಗಿತ್ತು. ಗೋಡೆಯನ್ನು ಕುಡುಗೋಲಿನಿಂದ ಹೆರೆದು ನೋಡಿದಾಗ ದಂಗಾದೆ. ಮೇಲಿನಿಂದ ಒಂದೇ ಮರಳಾಗಿ ಕಂಡಿದ್ದುದು ಹನ್ನೊಂದು ಪದರಗಳಾಗಿತ್ತು. ಒಂದೆಡೆ ಒರಟು ಮರಳು, ಅದರ ಮೇಲೆ ಬೆರಳು ದಪ್ಪದ ರೇವೆ, ಮತ್ತೆ ನೊರಜು, ಮತ್ತೆ ನಯವಾದ ಮಣ್ಣು. ಎದೆಮಟ್ಟದಲ್ಲಿ ಕಪ್ಪಾದ ಗೆರೆಯೊಂದರಲ್ಲಿ ಕೊಳೆತ ಬೇರು, ಇದ್ದಿಲಿನ ಚೂರು. ಅದು ಯಾವುದೋ ಕಾಲದಲ್ಲಿ ಮೇಲ್ಮಣ್ಣಾಗಿದ್ದು, ಮುಂದಿನ ಪ್ರವಾಹದಲ್ಲಿ ಹೂತುಹೋದದ್ದು. ಶೆಟ್ಟರ ಅಂಗಡಿಯ ಖಾತೆಯಂತೆ ಹಳ್ಳವು ಪ್ರತಿಯೊಂದು ಜಮೆಯನ್ನೂ ಬರೆದಿಟ್ಟಿತ್ತು. ಬೇರೆ ಮಣ್ಣುಗಳಲ್ಲಿ ಸಸ್ಯದ ಕೊಳೆತ ಅಂಶ ಕೆಳಗಿಳಿದಂತೆ ಸಮನಾಗಿ ಕಡಿಮೆಯಾಗುತ್ತದೆ. ಮೆಕ್ಕಲು ಮಣ್ಣಿನಲ್ಲಿ ಮಾತ್ರ ಹೀಗೆ ಏರುಪೇರಾಗುತ್ತದೆ. ವಿಜ್ಞಾನಿಗಳು ಇಂಥ ಮಣ್ಣನ್ನು ಗುರುತಿಸುವುದೇ ಈ ಲಕ್ಷಣದಿಂದ. ಅವರು ಇದಕ್ಕೆ ಫ್ಲುವೆಂಟ್ ಎಂದು ಹೆಸರಿಟ್ಟಿದ್ದಾರೆ. ನದಿಯೆಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದ ಹೆಸರು. ಇದು ಎಳೆಯ ಮಣ್ಣು. ಹಳೆಯ ಮಣ್ಣಿನಲ್ಲಿರುವಂತೆ ಮೇಲ್ಸ್ತರ ಕೆಳಸ್ತರಗಳು ಬಲಿಯಲು ಹಳ್ಳ ಪುರಸೊತ್ತು ಕೊಡುವುದಿಲ್ಲ.

ತೋಟದ ಮೇಲ್ಭಾಗದ ಮಣ್ಣನ್ನು ಗಾಜಿನ ಸೀಸೆಯಲ್ಲಿ ನೀರಿನೊಡನೆ ಕುಲುಕಿ ಕಿಟಕಿಯಲ್ಲಿಟ್ಟೆ. ಮರಳು ಒಂದು ನಿಮಿಷದಲ್ಲಿ ತಳ ಸೇರಿತು. ರೇವೆ ಕೆಲವು ಗಂಟೆಗಳಲ್ಲಿ. ಜೇಡಿ ಮಾರನೆಯ ದಿನ. ಹತ್ತು ಪಾಲಿನಲ್ಲಿ ಸುಮಾರು ಏಳು ಮರಳು, ಎರಡು ರೇವೆ, ಒಂದು ಜೇಡಿ. ಬಂಡೆಯಲ್ಲಿನ ಬೆಣಚು ಕರಗದೆ ಮರಳಾಗುತ್ತದೆ, ಫೆಲ್ಡ್‌ಸ್ಪಾರ್ ಶಿಥಿಲವಾಗಿ ಜೇಡಿಯಾಗುತ್ತದೆ, ಕಾಗೆಬಂಗಾರ ಬಿಸಿಲಿಗೆ ಮಿನುಗುತ್ತ ನಡುವೆ ಉಳಿಯುತ್ತದೆ. ಆಮೇಲೆ ಒಂದಡಿ ಗುಳಿ ತೋಡಿ ನೀರು ತುಂಬಿಸಿದೆ. ಮೊದಲ ಕೊಡ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮಾಯವಾಯಿತು. ಮಣ್ಣು ನೆನೆದ ಮೇಲೆ ನಾಲ್ಕೈದು ನಿಮಿಷಕ್ಕೆ ಒಂದು ಅಂಗುಲದಂತೆ ಇಳಿಯಿತು. ದೊಡ್ಡಪ್ಪನವರ ಗದ್ದೆಯ ಗುಳಿಯಲ್ಲಿ ಸಂಜೆ ತುಂಬಿಸಿದ ನೀರು ಬೆಳಿಗ್ಗೆಯೂ ಇತ್ತು. ಅಲ್ಲಿಯ ಮಣ್ಣನ್ನು ಮುರಿದರೆ ಬೂದುಬಣ್ಣ, ನಡುನಡುವೆ ತುಕ್ಕಿನ ಚುಕ್ಕೆ. ನೀರು ನಿಂತು ಗಾಳಿ ಸಿಗದೆಹೋದಾಗ ಮಣ್ಣಿನಲ್ಲಿರುವ ಕಬ್ಬಿಣ ಹೀಗೆ ಬಣ್ಣಗೆಡುತ್ತದೆ. ನಮ್ಮ ಮಣ್ಣು ಆಳದವರೆಗೂ ಒಂದೇ ಕಂದು. ಅಲ್ಲಿಯವರೆಗೂ ಬೇರಿಗೆ ಉಸಿರಿದೆಯೆಂಬುದಕ್ಕೆ ಅದೇ ಸಾಕ್ಷಿ.

ಅಪ್ಪನ ದೂರು ಸುಳ್ಳೇನಲ್ಲ. ಇಂಥ ಮಣ್ಣಿನ ಮೇಲ್ಪದರ ನೀರನ್ನೂ ಗೊಬ್ಬರದ ಸಾರವನ್ನೂ ಹೆಚ್ಚು ಹಿಡಿದುಕೊಳ್ಳಲಾರದು. ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಕೊಡಬೇಕು. ಆದರೆ ಅದೇ ಗುಣದ ಇನ್ನೊಂದು ಮುಖವನ್ನು ನಾವು ನೋಡಿರಲಿಲ್ಲ. ಉಪ್ಪು ಮೇಲೆ ಕಟ್ಟಿಕೊಂಡು ಭೂಮಿ ಚೌಳಾಗುವ ಭಯ ಇಲ್ಲಿ ಕಡಿಮೆ. ಕಡಲೆಕಾಯಿ ಸುಲಭವಾಗಿ ಬುಡ ಬಿಡುತ್ತದೆ, ಕೈಯಲ್ಲಿ ಎಳೆದರೆ ಬರುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ಇಂಗಿದ ನೀರು ಎಲ್ಲಿಗೂ ಕಳೆದುಹೋಗುವುದಿಲ್ಲ. ಮರಳಿನ ಮೂರರಲ್ಲಿ ಒಂದು ಪಾಲಿನಷ್ಟು ಖಾಲಿ ಜಾಗವೇ. ನೀರು ಅಲ್ಲಿ ಕೆಳಗೆ ಕೂಡಿ ನಿಲ್ಲುತ್ತದೆ. ಮೇಲಿನ ಎರಡು ಮೂರು ಅಡಿ ಒಣಮರಳು ಬಿಸಿಲಿಗೆ ಮುಚ್ಚಳವಾಗುತ್ತದೆ. ತೆಂಗಿನ ಬೇರು ಅಲ್ಲಿಂದ ಕುಡಿಯುತ್ತದೆ. ಬಾವಿಗೂ ಅಲ್ಲಿಂದಲೇ. ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯ ತಲಪರಿಗೆಗಳಿಗೂ ಅದೇ ಆಧಾರ. ತಲಪರಿಗೆಯೆಂದರೆ ಹಳ್ಳದ ಮರಳಿನಲ್ಲಿ ತಾನಾಗಿ ಜಿನುಗುವ ಒರತೆ. ಅದಕ್ಕೆ ಕಾಲುವೆ ತೋಡಿ ಹೊಲಕ್ಕೂ ಕೆರೆಗೂ ನೀರು ಒಯ್ಯುತ್ತಿದ್ದರು. ಊರವರೆಲ್ಲ ಕೂಡಿ ಹೂಳು ತೆಗೆಯುತ್ತಿದ್ದರು. ಕೊಳವೆಬಾವಿಗಳು ಹೆಚ್ಚಿದ ಮೇಲೆ, ಮರಳು ಹೋದ ಮೇಲೆ, ಅವುಗಳಲ್ಲಿ ಬಹಳಷ್ಟು ಬತ್ತಿವೆ. ನಮ್ಮೂರಿನ ತಲಪರಿಗೆಯನ್ನು ಅಜ್ಜಿ ನೋಡಿದ್ದರು, ನಾನು ನೋಡಿಲ್ಲ.

ನಾವು ತೋಡಿಸಿದ ಗುಂಡಿ ಆ ಮುಚ್ಚಳವನ್ನೇ ತೆಗೆಯಿತು. ಸುತ್ತಲಿನ ಮರಳಿನಲ್ಲಿದ್ದ ನೀರು ಗುಂಡಿಗೆ ಸೋರಿ ಬಿಸಿಲಿಗೆ ಹಾರಿಹೋಯಿತು. "ಕೆಳಗಿರುವ ಒಳ್ಳೆಯ ಮಣ್ಣು" ಎಂದಿದ್ದೆನಲ್ಲ, ಕೆಳಗೆ ಇದ್ದುದು ನೊರಜು, ಅದರ ಕೆಳಗೆ ಬಂಡೆ.

ಬರೆದುದನ್ನು ಅಧ್ಯಾಪಕರಿಗೆ ಒಪ್ಪಿಸುವ ಮೊದಲು ಮನೆಯಲ್ಲಿ ಓದಿದೆ. ಅಜ್ಜಿಗೆ ಪದರಗಳ ವಿಷಯ ಹಿಡಿಸಿತು. ಕಪ್ಪು ಗೆರೆಯ ಇದ್ದಿಲು ಯಾರ ಒಲೆಯದಿರಬಹುದೆಂದು ಕೇಳಿದರು. ಅಪ್ಪ ಏನೂ ಹೇಳಲಿಲ್ಲ. ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು. ಮಾರನೆಯ ಬೆಳಿಗ್ಗೆ ಅವರು ಹಾರೆ ಹಿಡಿದು ಹೊರಟರು. ನಾನೂ ಹಿಂದೆ ಹೋದೆ. ಗುಂಡಿಯ ಅಂಚನ್ನು ಇಳಿಜಾರು ಮಾಡಿ, ಹಳ್ಳದ ಕಡೆಗೆ ಕಲ್ಲು ಜೋಡಿಸಿ, ದಡದ ಮೇಲೆ ಹೊಂಗೆ ನೆಟ್ಟು, ನಡುವೆ ಲಾವಂಚ ಹಾಕಿದೆವು. ಆ ಮಳೆಗಾಲ ಕಳೆದ ಮೇಲೆ ಅಳೆದು ನೋಡಿದರೆ ಹಳ್ಳವು ಒಂದೂವರೆ ಗೇಣು ಮರಳನ್ನು ತಂದು ಹಾಕಿತ್ತು. ಎರಡಾಳುದ್ದಕ್ಕೆ ಒಂದೂವರೆ ಗೇಣು. ಉಳಿದ ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಬಹುದು. ಯಂತ್ರಕ್ಕೆ ಅದು ಆರು ದಿನದ ಕೆಲಸವಾಗಿತ್ತು.

ಸಹಪಾಠಿಗಳಲ್ಲಿ ಅನೇಕರು ನನ್ನಂತೆಯೇ ಹಳ್ಳಿಯಿಂದ ಬಂದವರು. ರಜೆಯಲ್ಲಿ ಊರಿಗೆ ಹೋದಾಗ ಒಂದು ಸೀಸೆಯಲ್ಲಿ ನಿಮ್ಮ ಹೊಲದ ಮಣ್ಣನ್ನು ಕುಲುಕಿಟ್ಟು ನೋಡಿ, ಖರ್ಚೇನೂ ಇಲ್ಲ. ಮನೆಯ ಹಿರಿಯರು ಆ ಮಣ್ಣಿನ ಬಗೆಗೆ ಏನಾದರೂ ಹೇಳಿದರೆ, ಓದಿದವರೆಂಬ ಜಂಬದಿಂದ ನಡುವೆ ಬಾಯಿ ಹಾಕದೆ, ಮೊದಲು ಪೂರ್ತಿ ಕೇಳಿಸಿಕೊಳ್ಳಿ. ನಾನು ಕೇಳಿಸಿಕೊಂಡಿದ್ದರೆ ಮೂರು ತೆಂಗಿನ ಮರಗಳು ಉಳಿಯುತ್ತಿದ್ದುವು.